ಐವತ್ತಾರು ಗೊರಸು

ಮಾರ್ಚ್ ೪, ಮಂಗಳವಾರ

ಅದನ್ನೇ ನಾನು ನಿನ್ನೆಯೂ ಹೇಳುತ್ತಿದ್ದದ್ದು, ಒಂದು ಕಾರ್ಡಾದರೂ ಹಾಕಬಹುದಿತ್ತಲ್ಲ. ಫೋನಿತ್ತು. ಬಸ್ಸಿತ್ತು, ಎರಡು ಬಸ್ಸು, ಮುಕ್ಕಾಲು ಗಂಟೆ. ಕಾಲಿತ್ತು. ಹಾಲಿನವನು ಬಂದ. ಮೇಲಿನ ಮಹಡಿಯಲ್ಲಿ ಪಿಟೀಲು ಕಲಿಯುವ ಹುಡುಗಿಯ ತಂದೆ ಬಂದ. ನಾನು ಯಾವತ್ತೋ ಕೂಗಾಡಿ ಬಂದಿದ್ದ ನೀರಿನ ಆಫೀಸಿನ ಗುಮಾಸ್ತ ಕೂಡ ಬಂದು, ಐದು ನಿಮಿಷ ತನ್ನ ಮಂಡಿ ನೋಡಿಕೊಳ್ಳುತ್ತಾ ಕೂತು, ಎದ್ದು ಹೋದ. ಮೂವತ್ತೊಂದು ವರ್ಷ ನನ್ನ ಮಕ್ಕಳ ಕಥೆಗಳಿಗೆ ಚಿತ್ರ ಬರೆದ ಮನುಷ್ಯ, ಹನ್ನೊಂದು ಪುಸ್ತಕಗಳ ಮುಖಪುಟದಲ್ಲಿ ನನ್ನ ಹೆಸರಿನ ಕೆಳಗೆ ತನ್ನ ಹೆಸರು ಹಾಕಿಸಿಕೊಂಡ ಮನುಷ್ಯ, ನನ್ನ ಹೆಂಡತಿ ತೀರಿಕೊಂಡಾಗ ಬರಲಿಲ್ಲ. ಆ ವಾರ ಬರಲಿಲ್ಲ, ಆ ತಿಂಗಳು ಬರಲಿಲ್ಲ. ಇವತ್ತಿಗೆ ಒಂದು ವರ್ಷ ನಾಲ್ಕು ತಿಂಗಳು.

ಇಷ್ಟು ದಿನ ಬಿಟ್ಟು ಈಗ ಯಾಕೆ ಕೆದಕುತ್ತಿದ್ದೇನೆ ಅಂದರೆ, ಬೆಳಿಗ್ಗೆ ಪ್ರಕಾಶಕಿ ಫೋನ್ ಮಾಡಿದ್ದರು. ಹನ್ನೆರಡನೇ ಪುಸ್ತಕ ಬೇಕಂತೆ.

"ಆದ್ರೆ ಸರ್, ಚಿತ್ರ ಅವರದ್ದೇ ಇರಬೇಕು. ನಿಮ್ಮಿಬ್ಬರನ್ನ ಬೇರೆ ಮಾಡಿದ್ರೆ ಮಕ್ಕಳು ನನ್ನನ್ನ ಸುಮ್ನೆ ಬಿಡಲ್ಲ."

"ಆ ಮನುಷ್ಯ ಒಪ್ಪಿದಾರಾ?"

"ಅವರನ್ನ ಕೇಳಿ ಅಂದ್ರು. ಅವರು ಅಂದ್ರೆ ನೀವು."

"ಅಷ್ಟೇನಾ?"

"ಅಷ್ಟೇ. ಅವರು ಮಾತು ಕಮ್ಮಿ ಅಲ್ವಾ ಸರ್."

ಮಾತು ಕಮ್ಮಿಯಂತೆ. ಮಾತು ಕಮ್ಮಿ ಇರುವವರಿಗೆ ಯಾರು ಸತ್ತರೂ ರಿಯಾಯಿತಿ ಇದೆಯೇನೋ. ಯೋಚಿಸಿ ಹೇಳುತ್ತೇನೆ ಅಂತ ಫೋನ್ ಇಟ್ಟೆ. ಯೋಚಿಸುವುದೇನಿದೆ, ಆಗುವುದಿಲ್ಲ ಅನ್ನುವುದು ತಾನೆ.

ಕಣ್ಣಿಗೆ ಹನಿ ಹಾಕಲು ಮಗಳು ಬಂದಳು. ಅವಳಿಗೊಂದು ಕನ್ನಡಕದ ಅಂಗಡಿ ಇದೆ. ನನ್ನ ಕಣ್ಣಿನ ಪೊರೆ ತೆಗೆಸಿದಾಗಿನಿಂದ ಮನೆಯೂ ಅವಳ ಅಂಗಡಿಯೇ. "ಹಗಲು ಬೆಳಕಲ್ಲಿ ಮಾತ್ರ ಬರೀಬೇಕು ಅಪ್ಪಾ. ಬೆಳಕು ಹೋಯ್ತಾ, ಪೆನ್ನು ಕೆಳಗೆ." ಆಯಿತು ತಾಯಿ.

ಮಾರ್ಚ್ ೬, ಗುರುವಾರ

ಸಿಕ್ಕಿತು. ಸಿಕ್ಕಿತು, ಸಿಕ್ಕಿತು. ದೇವರು ದೊಡ್ಡವನು, ಮೊಮ್ಮಗಳು ಅವನಿಗಿಂತ ದೊಡ್ಡವಳು.

ಎಂಟು ವರ್ಷದ ಅವಳನ್ನು ಮನೆಯಲ್ಲಿ ಅಳಿಲು ಅನ್ನುತ್ತೇವೆ, ಒಂದು ಕಡೆ ಕೂರುವುದಿಲ್ಲವಾದ್ದರಿಂದ. ಇವತ್ತು ಅಪರೂಪಕ್ಕೆ ಕೂತು ನನ್ನ ಹಳೆಯ ಪುಸ್ತಕಗಳನ್ನು ನೆಲದ ಮೇಲೆ ಹರಡಿಕೊಂಡಿದ್ದಳು.

"ತಾತ, ಈ ಕುದುರೆಗೆ ಪಾದ ಎಲ್ಲಿ?"

"ಹುಲ್ಲಿನೊಳಗಿದೆ ಪುಟ್ಟಾ."

"ಈ ಕುದುರೆಗೆ?"

"ಕೆಸರಲ್ಲಿ."

"ಇದಕ್ಕೆ?"

"ಅದು ಮಂಜು."

"ಇದು ಗೋಡೆ ಹಿಂದೆ ನಿಂತಿದೆ. ಇದು ಮತ್ತೆ ಹುಲ್ಲು. ಎಲ್ಲಾ ಕುದುರೆನೂ ಹುಲ್ಲಲ್ಲೇ ಯಾಕೆ ನಿಲ್ಲತ್ತೆ?"

ಅಡುಗೆಮನೆಯಿಂದ ಮಗಳು ನಗುತ್ತಿದ್ದಳು. "ನಾವು ಚಿಕ್ಕವರಿದ್ದಾಗ ಅವರನ್ನ ಹುಲ್ಲುಮಾಮ ಅಂತಾನೇ ಕರೀತಿದ್ವಿ ಕಣೆ. ಅವರಿಗೆ ಗೊರಸು ಬರೆಯೋಕೆ ಬರಲ್ಲ. ಅಜ್ಜಿಗೆ ಗೊತ್ತಿತ್ತು."

ನನಗೂ ಗೊತ್ತಿತ್ತು. ಮೂವತ್ತು ವರ್ಷದಿಂದ ಗೊತ್ತಿತ್ತು. ಮರೆತಿದ್ದೆ ಅಷ್ಟೇ. ಆನೆ ಬರೆಯುತ್ತಾನೆ, ಗಿರಣಿಯ ಯಂತ್ರ ಬರೆಯುತ್ತಾನೆ, ಅಳುವ ಮಗುವಿನ ಮೂಗು ಬರೆದರೆ ಒರೆಸಬೇಕು ಅನ್ನಿಸುತ್ತದೆ. ಆದರೆ ಕುದುರೆಯ ಗೊರಸಿಗೆ ಬಂದರೆ ಆ ಮನುಷ್ಯನ ಕೈ ಕಟ್ಟಿಹೋಗುತ್ತದೆ. ಅಲ್ಲಿಗೆ ತಕ್ಷಣ ಹುಲ್ಲು ಬೆಳೆಯುತ್ತದೆ.

ಪ್ರಕಾಶಕಿಗೆ ಫೋನ್ ಮಾಡಿ ಬಹಳ ಮೃದುವಾಗಿ ಹೇಳಿದೆ. ಆಗಲಿ, ಬರೆಯುತ್ತೇನೆ, ಚಿತ್ರ ಅವರೇ ಬರೆಯಲಿ. ಆಕೆ "ಥ್ಯಾಂಕ್ಯೂ ಸರ್, ನಿಮ್ಮ ಮನಸ್ಸು ದೊಡ್ಡದು" ಅಂದರು. ಹೌದು, ಬಹಳ ದೊಡ್ಡದು. ಏಳು ಕುದುರೆ ಹಿಡಿಸುವಷ್ಟು ದೊಡ್ಡದು.

ಮಾರ್ಚ್ ೯, ಭಾನುವಾರ

ಕಥೆ ಹೀಗೆ. ಒಂದು ದೊಡ್ಡ ಸಭಾಂಗಣ, ಅದಕ್ಕೆ ಕನ್ನಡಿಯ ನೆಲ. ಅಲ್ಲಿಗೆ ಏಳು ಕುದುರೆಗಳು ಕುಣಿತ ಕಲಿಯಲು ಬರುತ್ತವೆ. ಮೊದಲನೇ ಪುಟದಲ್ಲೇ ಬೇಲಿ ಹಾಕಿದ್ದೇನೆ: "ಆ ನೆಲ ಎಷ್ಟು ಚೊಕ್ಕಟವಾಗಿತ್ತೆಂದರೆ ಹುಡುಕಿದರೂ ಒಂದು ಹುಲ್ಲುಕಡ್ಡಿ ಸಿಗುತ್ತಿರಲಿಲ್ಲ. ಕೆಸರಿಲ್ಲ, ಧೂಳಿಲ್ಲ, ಮಂಜಂತೂ ಒಳಗೆ ಬರುವಂತೆಯೇ ಇಲ್ಲ." ಏಳು ನಾಲ್ಕಲಿ ಇಪ್ಪತ್ತೆಂಟು ಗೊರಸು. ಕನ್ನಡಿಯೊಳಗೆ ಇನ್ನೊಂದು ಇಪ್ಪತ್ತೆಂಟು. ಒಟ್ಟು ಐವತ್ತಾರು, ಪ್ರತಿ ಪುಟದಲ್ಲೂ. ಹದಿನಾರು ಪುಟ.

ಕಾಲೇಜಿನಲ್ಲಿ ನಮ್ಮ ಇಂಗ್ಲಿಷ್ ಮೇಷ್ಟ್ರು ಇದಕ್ಕೊಂದು ಹೆಸರು ಹೇಳುತ್ತಿದ್ದರು. ಪೊಯೆಟಿಕ್ ಜಸ್ಟಿಸ್. ಅಥವಾ ಪೊಯೆಟಿಕ್ ಲೈಸೆನ್ಸೋ. ಒಂದರಲ್ಲಿ ತಪ್ಪು ಮಾಡಿದವನಿಗೆ ತಕ್ಕ ಶಾಸ್ತಿಯಾಗುತ್ತದೆ, ಇನ್ನೊಂದರಲ್ಲಿ ಕವಿ ಏನು ಮಾಡಿದರೂ ನಡೆಯುತ್ತದೆ. ನನ್ನ ಹತ್ತಿರ ಈಗ ಎರಡೂ ಇವೆ. ಅದಕ್ಕಿಂತ ಮುಂಚೆ ಶಾಲೆಯಲ್ಲಿ ಬರೆಸಿದ ಪ್ರಬಂಧ ಇನ್ನೂ ಚೆನ್ನಾಗಿ ನೆನಪಿದೆ: ದಿ ಹಾರ್ಸ್ ಈಸ್ ಎ ನೋಬಲ್ ಅನಿಮಲ್. ಇಟ್ ಹ್ಯಾಸ್ ಫೋರ್ ಲೆಗ್ಸ್. ಆ ಎರಡನೇ ವಾಕ್ಯದ ಮಹತ್ವ ನನಗೆ ಈಗ ಗೊತ್ತಾಗುತ್ತಿದೆ.

ನಮ್ಮ ಕೆಲಸದಲ್ಲಿ ಒಂದು ನಿಯಮ ಇದೆ. ಏನು ಬರೆ, ಹೇಗೆ ಬರೆ ಅಂತ ಚಿತ್ರಗಾರನಿಗೆ ಟಿಪ್ಪಣಿ ಕೊಡುವಂತಿಲ್ಲ. ಅವನೂ ನನ್ನ ವಾಕ್ಯ ಮುಟ್ಟುವಂತಿಲ್ಲ. ಬರೆದದ್ದಕ್ಕೆ ಚಿತ್ರ ಬರಬೇಕು. ಆಗುವುದಿಲ್ಲ ಅಂದರೆ ಅವನೇ ಲೇಖಕನನ್ನು ಕೇಳಿಕೊಳ್ಳಬೇಕು. ಕೇಳಿಕೊಳ್ಳಲಿ. ಫೋನ್ ಮಾಡಿ, ತನ್ನ ಬಾಯಿಂದ, ನನಗೆ ಇದು ಬರುವುದಿಲ್ಲ ಅನ್ನಲಿ. ಅಷ್ಟೇ ನನಗೆ ಬೇಕಾದದ್ದು. ಆಮೇಲೆ ನಾನೂ ಒಂದು ವರ್ಷ ನಾಲ್ಕು ತಿಂಗಳು ಉತ್ತರ ಕೊಡುವುದಿಲ್ಲ.

ಮಾರ್ಚ್ ೧೨, ಬುಧವಾರ

ಕಥೆ ಮುಗಿದರೆ ಅಳಿಲಿಗೆ ಓದುವುದು ರೂಢಿ. ಅವಳು ಊಟದ ಮೇಜಿನ ಕೆಳಗೆ ಅಂಗಾತ ಮಲಗಿ ಕೇಳುತ್ತಾಳೆ. ನಡುವೆ ನೀರು ಕೇಳಿದರೆ ಕಥೆ ಅಲ್ಲಿ ಸತ್ತಿದೆ ಅಂತ ಅರ್ಥ. ಅವಳ ಅಜ್ಜಿಗೂ ಹೀಗೊಂದು ಇತ್ತು. ನಾನು ಓದುವಾಗ ಅವಳು ಬಟ್ಟೆ ಮಡಿಸುತ್ತಿದ್ದಳು. ಕಥೆ ಹಿಡಿದರೆ ಮಡಿಸುವ ಕೈ ನಿಲ್ಲುತ್ತಿತ್ತು, ಇಲ್ಲವಾದರೆ ಅಲಮಾರು ತುಂಬುತ್ತಿತ್ತು.

ಅಳಿಲು ಮೂರು ಸಲ ನೀರು ಕೇಳಿದಳು. ನಾಲ್ಕನೇ ಸಲ ಹೊಟ್ಟೆ ತುಂಬಿತು ಅಂತ ಕೇಳಲಿಲ್ಲ.

ಮಗಳು ಟವೆಲಿನಲ್ಲಿ ಕೈ ಒರೆಸಿಕೊಳ್ಳುತ್ತಾ ಬಾಗಿಲಲ್ಲಿ ನಿಂತಿದ್ದಳು. "ಅಪ್ಪಾ, ಇದು ಕಥೆನಾ, ಶಿಕ್ಷೆನಾ?"

"ಮಕ್ಕಳ ಕಥೆ."

"ಕುದುರೆ ಕುಣಿದ್ವು, ಕುಣಿದ್ವು, ಇನ್ನೂ ಕುಣಿದ್ವು. ಆಮೇಲೆ?"

"ಕುಣಿತಾನೇ ಕಥೆ."

"ಹುಲ್ಲುಮಾಮಂಗೆ ಎಪ್ಪತ್ತು ದಾಟಿದೆ."

"ನಂಗೂ ದಾಟಿದೆ. ನಿಮ್ಮಮ್ಮಂಗೆ ದಾಟ್ಲಿಲ್ಲ."

ಅವಳು ಒಳಗೆ ಹೋದಳು. ಪಾತ್ರೆಗಳು ಜೋರಾಗಿ ಮಾತಾಡಿದವು. ಮಧ್ಯಾಹ್ನ ನಾನೇ ನಡೆದು ಹೋಗಿ ಕಥೆಯ ಕಟ್ಟನ್ನು ಪ್ರಕಾಶಕಿಗೆ ಕಳಿಸಿ ಬಂದೆ.

ಮಾರ್ಚ್ ೧೯, ಬುಧವಾರ

ಫೋನ್ ಇಲ್ಲ.

ಮಾರ್ಚ್ ೨೦, ಗುರುವಾರ

ಇಲ್ಲ. ಒಂದು ಬಂತು, ಯಾರೋ ಹಾಸಿಗೆ ಮಾರುವವರು. ನಿದ್ರೆ ಸರಿಯಾಗಿ ಬರುತ್ತದಾ ಸರ್ ಅಂತ ಕೇಳಿದ. ಬಹಳ ಚೆನ್ನಾಗಿ ಬರುತ್ತಿದೆ ಅಂದೆ.

ಮಾರ್ಚ್ ೨೮, ಶುಕ್ರವಾರ

ಮೊದಲ ನಾಲ್ಕು ಪುಟಗಳ ಕರಡು ಚಿತ್ರ ಬಂತು. ಹಬ್ಬ ಅನ್ನಬೇಕು.

ಕುದುರೆಗಳ ಮುಖ, ಕತ್ತು, ಬೆನ್ನು ಎಲ್ಲ ಒಂದೇ ಗೆರೆಯಲ್ಲಿ ಹರಿದಿವೆ, ಆ ವಿಷಯದಲ್ಲಿ ಸುಳ್ಳು ಹೇಳಬಾರದು. ಮೊಣಕಾಲಿಂದ ಕೆಳಗೆ ಬಂದರೆ ಯುದ್ಧಭೂಮಿ. ಬರೆದದ್ದು, ಅಳಿಸಿದ್ದು, ಅದರ ಮೇಲೆ ಬರೆದದ್ದು, ಮತ್ತೆ ಅಳಿಸಿದ್ದು. ಒಂದು ಗೊರಸು ಆಲೂಗಡ್ಡೆಯ ಹಾಗಿದೆ, ಒಂದು ಮಗುಚಿಟ್ಟ ಕಪ್ಪಿನ ಹಾಗೆ, ಇನ್ನೊಂದು ನನ್ನ ಭಾವಮೈದುನನ ಹಾಗೆ. ಅಳಿಲು ಹಾಳೆಯನ್ನು ಕಿಟಕಿಗೆ ಹಿಡಿದು ನೋಡಿದಳು. ಉಜ್ಜಿ ಉಜ್ಜಿ ಕಾಗದ ತೆಳ್ಳಗಾಗಿ ಎರಡು ಕಡೆ ತೂತು ಬಿದ್ದಿತ್ತು, ಆಚೆ ಮನೆಯ ಕೆಂಪು ಬಾಗಿಲು ಅದರಲ್ಲಿ ಕಾಣಿಸಿತು.

"ತಾತ, ಈ ಒಂದೇ ಜಾಗದಲ್ಲಿ ಹದಿನೇಳು ಗೊರಸು ಅಳಿಸಿದಾರೆ. ನಾನು ಎಣಿಸಿದೆ."

"ಚೆನ್ನಾಗಿ ಎಣಿಸು."

"ನಾನಾಗಿದ್ರೆ ಎರಡನೇ ಸಲಕ್ಕೇ ಅತ್ತುಬಿಡ್ತಿದ್ದೆ."

ಅತ್ತರೆ ಅಳಲಿ. ಆದರೆ ಫೋನ್ ಯಾಕೆ ಮಾಡುವುದಿಲ್ಲ? ಹದಿನೇಳು ಸಲ ಸೋತ ಮೇಲೂ ಸೋತೆ ಅನ್ನದೆ ಇರುವುದಕ್ಕೆ ಏನನ್ನಬೇಕು? ಮೊಂಡುತನ. ಕೂತು ಒಂಬತ್ತನೇ ಪುಟ ಬದಲಾಯಿಸಿ ಕಳಿಸಿದೆ. ಈಗ ಅಲ್ಲಿ ಕುದುರೆಗೆ ಲಾಳ ಹೊಡೆಸುತ್ತಾರೆ. ಹಿಂಗಾಲು ಹಿಂದಕ್ಕೆ ಮಡಚಿ, ಗೊರಸಿನ ಅಂಗಾಲು ನೇರವಾಗಿ ಓದುಗನ ಮುಖಕ್ಕೆ. "ಅದು ಊಟದ ತಟ್ಟೆಯಂತೆ ದುಂಡಗಿತ್ತು" ಅಂತ ಉಪಮೆ ಬೇರೆ. ಹೋಗು, ಬರೆ.

ಏಪ್ರಿಲ್ ೨, ಬುಧವಾರ

ಇವತ್ತಿನದನ್ನು ಬರೆಯಲೋ ಬೇಡವೋ.

ಚಿತ್ರಗಳು ಮುದುಡದಿರಲಿ ಅಂತ ಆ ಮನುಷ್ಯ ಕಟ್ಟಿನೊಳಗೆ ಒಂದು ಹಳೆಯ ರಟ್ಟು ಇಟ್ಟಿದ್ದ. ಅಳಿಲು ಅದರಲ್ಲಿ ಮನೆ ಮಾಡುತ್ತೇನೆ ಅಂತ ಕತ್ತರಿ ತಂದಳು. ರಟ್ಟಿನ ಹಿಂದೆ, ತುಕ್ಕು ಹಿಡಿದ ಗುಂಡುಸೂಜಿಯಲ್ಲಿ ಸಿಕ್ಕಿಕೊಂಡು ಒಂದು ಚೀಟಿ. ಹೊಲಿಗೆಯ ಅಳತೆ ಬರೆದುಕೊಳ್ಳುವ ಪುಸ್ತಕದಿಂದ ಹರಿದದ್ದು. ನನ್ನ ಹೆಂಡತಿಯ ಕೈಬರಹ.

"ಇವರಿಗೆ ಕುದುರೆ ತುಂಬಾ ಹಿಡಿಸಿತು. ಬಾಲಕ್ಕೆ ಒಂದು ಚೂರು ಗಾಳಿ ತಾಗಿದರೆ ಇನ್ನೂ ಚೆಂದ ಅಂತಾರೆ. ಅವಸರ ಏನಿಲ್ಲ."

ಅವಳೇ ನಮ್ಮಿಬ್ಬರ ಅಂಚೆ. ವಾರಕ್ಕೆ ಎರಡು ದಿನ ಆ ಮನುಷ್ಯನ ಮನೆಯ ಹತ್ತಿರದ ಹೆಣ್ಣುಮಕ್ಕಳ ಹಾಸ್ಟೆಲಿಗೆ ಹೊಲಿಗೆ ಕಲಿಸಲು ಹೋಗುತ್ತಿದ್ದಳು. ಹೋಗುವಾಗ ನನ್ನ ಹಾಳೆ, ಬರುವಾಗ ಅವನ ಚಿತ್ರ. ನಾವಿಬ್ಬರೂ ಎದುರಾಬದುರಾ ಕೂತು ಮಾತಾಡಿದ್ದು ಮೂವತ್ತು ವರ್ಷದಲ್ಲಿ ಹತ್ತು ಸಲ ಇರಬಹುದು, ಅದೂ ಅವಳು ನಡುವೆ ಕೂತಿದ್ದಾಗ.

ಆ ಕುದುರೆ ನನಗೆ ನೆನಪಿದೆ. ನಾನು ಅಂದದ್ದೂ ನೆನಪಿದೆ. "ಹೇಳು ಆ ಮಹಾನುಭಾವನಿಗೆ, ಇದು ಕುದುರೆಯಲ್ಲ, ಬಾಲ ಇರುವ ಮೇಜು. ಇನ್ನೊಂದು ವಾರದಲ್ಲಿ ಸರಿ ಮಾಡದಿದ್ದರೆ ಬೇರೆಯವರನ್ನು ನೋಡಿಕೊಳ್ಳುತ್ತೇನೆ." ಹಾಗೇ ಹೇಳಿದೆಯಾ ಅಂತ ಸಂಜೆ ಕೇಳಿದ್ದೆ. "ಹೇಳಿದೆ, ಹೇಳಿದೆ. ಒಳ್ಳೆ ಸಲಹೆ ಅಂದ್ರು" ಅಂತ ಸೂಜಿಗೆ ದಾರ ಪೋಣಿಸುತ್ತಾ ಅಂದಿದ್ದಳು. ತುಟಿ ದಾರ ಕಚ್ಚಿಕೊಂಡಿದ್ದರಿಂದ ನಗುತ್ತಿದ್ದಳೋ ಇಲ್ಲವೋ ಗೊತ್ತಾಗಲಿಲ್ಲ.

ಅಂದರೆ ಆತ ನಿಜವಾಗಿ ಏನಂದಿದ್ದ? ಮೂವತ್ತು ವರ್ಷ ನನಗೆ ಬಂದ "ಒಳ್ಳೆ ಸಲಹೆ", "ಯೋಚ್ನೆ ಮಾಡ್ತಾರಂತೆ", "ನಿಮ್ಮನ್ನ ಕೇಳಿದ್ರು", ಇವೆಲ್ಲ ಯಾರ ಮಾತು? ಇಬ್ಬರಿಗೂ ಸುಳ್ಳು ಹೇಳಿಕೊಂಡು ಓಡಾಡಿದ್ದಾಳೆ ನನ್ನ ಹೆಂಡತಿ, ಒಂದು ಕೈಚೀಲ ಹಿಡಿದುಕೊಂಡು, ಬಸ್ಸಿನಲ್ಲಿ ನಿಂತುಕೊಂಡು.

ಅವನು ಚೀಟಿ ಇಟ್ಟುಕೊಂಡಿದ್ದ ಅನ್ನುವುದು ಬೇರೆ ಮಾತು. ಇಟ್ಟುಕೊಂಡಿರಲಿಲ್ಲ, ರಟ್ಟಿನ ಹಿಂದೆ ಉಳಿದುಹೋಗಿದೆ. ಅದರಿಂದ ಏನೂ ಸಾಬೀತಾಗುವುದಿಲ್ಲ.

ರಟ್ಟನ್ನು ಅಳಿಲಿಗೆ ಕೊಡಲಿಲ್ಲ. ಅತ್ತಳು. ಬೇರೆ ರಟ್ಟು ಹುಡುಕಿ ಕೊಟ್ಟೆ.

ಏಪ್ರಿಲ್ ೪, ಶುಕ್ರವಾರ

ಫೋನ್ ಬಂತು. ಪ್ರಕಾಶಕಿಯದು.

"ಸರ್, ಒಂದು ವಿಷಯ. ಅವರ ಕಾಲು ಮುರಿದಿದೆ. ಪಾದದ ಮೂಳೆ, ಎರಡು ಕಡೆ."

"ಬಿದ್ದರಾ?"

"ಇಲ್ಲ ಸರ್. ಕುದುರೆ ತುಳೀತು."

ಫೋನನ್ನು ಇನ್ನೊಂದು ಕಿವಿಗೆ ಬದಲಾಯಿಸಿದೆ.

"ನಿಮ್ಮ ಕಥೆಯ ಗೊರಸಿಗೆ ಅಂತ ದಿನಾ ಬೆಳಿಗ್ಗೆ ಸವಾರಿ ಶಾಲೆಗೆ ಹೋಗ್ತಿದ್ರಂತೆ. ಒಂಬತ್ತನೇ ಪುಟ ಬದಲಾದ ಮೇಲೆ, ಲಾಳ ಹೊಡೆಯೋದನ್ನ ಹತ್ತಿರದಿಂದ ನೋಡ್ಬೇಕು ಅಂತ ಪಕ್ಕದಲ್ಲೇ ಕೂತಿದ್ರು. ಕುದುರೆ ಕಾಲು ಇಳಿಸ್ತು, ಕೆಳಗೆ ಇವರ ಪಾದ ಇತ್ತು."

"ನನಗೆ ಒಂದು ಫೋನ್ ಮಾಡಿದ್ರೆ ಆಗ್ತಿತ್ತಲ್ಲ, ಪುಟ ಬದಲಾಯಿಸಿ ಅಂತ."

"ನಾನೂ ಅದನ್ನೇ ಅಂದೆ. ಕೋಪ ಮಾಡ್ಕೋಬೇಡಿ ಸರ್, ಅವರ ಹಾಸಿಗೆ ಪಕ್ಕ ಕೂತಿದ್ದಾಗ ಇನ್ನೊಂದನ್ನೂ ಕೇಳ್ಬಿಟ್ಟೆ. ಆವತ್ತು ನಿಮ್ಮ ಮನೆಗೆ ಯಾಕೆ ಬರ್ಲಿಲ್ಲ ಅಂತ."

"ಏನಂದ?"

"ಕಾಲಿನ ಮೇಲಿನ ಹೊದಿಕೆ ಸರಿ ಮಾಡ್ಕೊಂಡ್ರು. ಆಮೇಲೆ, 'ಮಾತು ಯಾರ ಕೈಲಿ ಕಳಿಸ್ಲಿ' ಅಂದ್ರು. ಅಷ್ಟೇ. ನನಗೆ ಅರ್ಥ ಆಗ್ಲಿಲ್ಲ, ನಿಮಗೇನಾದ್ರೂ ಆಯ್ತಾ?"

ಇಲ್ಲ ಅಂದೆ. ಆಮೇಲೆ ಆಕೆ ಕೆಲಸದ ಮಾತಿಗೆ ಬಂದರು. ಪುಸ್ತಕ ತಡವಾಗುತ್ತದೆ. ಬೇರೆ ಚಿತ್ರಗಾರ್ತಿ ಒಬ್ಬಳಿದ್ದಾಳೆ, ಚುರುಕು, ಕುದುರೆ ಚೆನ್ನಾಗಿ ಬರೆಯುತ್ತಾಳೆ. ಆದರೆ ಈ ಪುಸ್ತಕ ಇಬ್ಬರದೂ ಅಂತ ಒಪ್ಪಂದ ಆಗಿದೆ, ಅವರನ್ನು ಬಿಡಬೇಕಾದರೆ ನನ್ನ ಸಹಿ ಬೇಕು. ಕಾಗದ ಕಳಿಸುತ್ತಾರಂತೆ. "ಅವರಿಗೆ ಇದೇ ಕೊನೇ ಪುಸ್ತಕ ಆಗ್ಬಹುದು ಸರ್. ಅದಕ್ಕೇ ನಿರ್ಧಾರ ನಿಮಗೇ ಬಿಡ್ತೀನಿ."

ಫೋನ್ ಇಟ್ಟು ಕನ್ನಡಿಯ ಮುಂದೆ ನಿಂತೆ. ನನಗೆ ಸಂತೋಷವಾಗಬೇಕಿತ್ತು. ಇಂಥದ್ದಕ್ಕೂ ಒಂದು ಇಂಗ್ಲಿಷ್ ಪದ ಇದೆ, ಗ್ರೀಕರ ಒಬ್ಬ ದೇವತೆಯ ಹೆಸರು, ಯಾರು ಮೆರೆದರೋ ಅವರನ್ನು ಹುಡುಕಿಕೊಂಡು ಬರುವವಳು. ಬಾಯಲ್ಲೇ ಇದೆ, ಬರುತ್ತಿಲ್ಲ.

ಏಪ್ರಿಲ್ ೫, ಶನಿವಾರ

ಕಾಗದ ಬಂದಿದೆ. ಒಂದೇ ಹಾಳೆ, ಕೆಳಗೆ ಗೆರೆ. ಆ ಗೆರೆಯ ಮೇಲೆ ನನ್ನ ಹೆಸರು ಬಿದ್ದರೆ ಆ ಮನುಷ್ಯ ಪುಸ್ತಕದಿಂದ ಹೊರಗೆ. ಒಂದು ವರ್ಷ ಐದು ತಿಂಗಳಿಗೆ ಇಷ್ಟು ಸುಲಭದ ಪರಿಹಾರ.

ಊಟಕ್ಕೆ ಕೂತಾಗ ಮಗಳು ಒಂದೇ ಮಾತು ಅಂದಳು. "ಅಮ್ಮ ಇದ್ದಿದ್ರೆ ಈ ಕಾಗದಾನ ಅವರ ಹತ್ರ ಏನಂತ ಹೇಳ್ತಿದ್ಲು ಅಪ್ಪಾ?"

ಉಪ್ಪು ಕಮ್ಮಿ ಇದೆ ಅಂದೆ.

ಏಪ್ರಿಲ್ ೬, ಭಾನುವಾರ

ಸವಾರಿ ಶಾಲೆಗೆ ಹೋಗಿದ್ದೆ. ಮರುಕದಿಂದಲ್ಲ. ಸಹಿ ಹಾಕುವ ಮುಂಚೆ ವಿಷಯ ಖಾತ್ರಿ ಮಾಡಿಕೊಳ್ಳಬೇಕಲ್ಲ. ಕಾಲು ಮುರಿದದ್ದು ನಿಜವೋ ನೆಪವೋ ಯಾರಿಗೆ ಗೊತ್ತು. ಅಳಿಲನ್ನೂ ಕರೆದುಕೊಂಡು ಹೋದೆ.

ತಗಡಿನ ಚಾವಣಿ, ಸುಟ್ಟ ಉಗುರಿನ ವಾಸನೆ. ಲಾಳ ಹೊಡೆಯುವಾತ ತೊಡೆಗಳ ನಡುವೆ ಕುದುರೆಯ ಕಾಲು ಸಿಕ್ಕಿಸಿಕೊಂಡು ಬಗ್ಗಿದ್ದ. ಮಗುವಿಗೆ ಉಗುರು ಕತ್ತರಿಸುವ ತಾಯಿಯಂತೆ ಅವನ ಗಮನ ಪೂರ್ತಿ ಅಲ್ಲೇ. ಮೂಲೆಯಲ್ಲಿ ಮಗುಚಿಟ್ಟ ಒಂದು ಬಕೆಟ್.

"ಇಲ್ಲೊಬ್ಬರು ಹಿರಿಯರು ಬರ್ತಿದ್ರಂತೆ, ಚಿತ್ರ ಬರೆಯೋಕೆ" ಅಂದೆ.

"ಆ ಬಕೆಟ್ ಮೇಲೇ ಕೂರೋರು. ಹದಿನೈದು ದಿನ. ಬರೆಯೋದು, ಹರಿಯೋದು. ನಾನಂದೆ, ಯಜಮಾನ್ರೇ, ನಾನು ಇಪ್ಪತ್ತು ವರ್ಷದಿಂದ ಕೈಯಲ್ಲಿ ಹಿಡೀತಿದೀನಿ, ನಂಗೇ ಕಣ್ಣು ಮುಚ್ಚಿದ್ರೆ ಕಾಣಿಸಲ್ಲ, ನಿಮಗೆ ಹೇಗೆ ಬರ್ಬೇಕು ಅಂತ."

"ಅವರೇನಂದ್ರು?"

"ನಕ್ಕರು. ಆಮೇಲೆ ಒಂದು ವಿಷಯ ಕೇಳಿದ್ರು. ನೋಡಿ, ಮುಂಗಾಲಿನ ಗೊರಸು ದುಂಡಗಿರತ್ತೆ, ಹಿಂಗಾಲಿಂದು ಸ್ವಲ್ಪ ಉದ್ದ, ಮುಂದಕ್ಕೆ ಚೂಪು." ಅವನು ಕಾಲು ಎತ್ತಿ ಎರಡನ್ನೂ ತೋರಿಸಿದ. ನಿಜ. ಒಂದು ಬಟ್ಟಲಿನ ಬಾಯಿ, ಇನ್ನೊಂದು ಮೊಟ್ಟೆಯ ಮೊನೆ. "ಆದ್ರೆ ಕಥೆ ಬರ್ದೋರು ಹಿಂಗಾಲಿಂದೂ ಊಟದ ತಟ್ಟೆ ಹಾಗೆ ಅಂತ ಬರ್ದಿದಾರೆ, ಈಗ ನಾನು ಕುದುರೆ ಮಾತು ಕೇಳ್ಲಾ, ಅವರ ಮಾತು ಕೇಳ್ಲಾ ಅಂತ. ನಾನಂದೆ, ಆ ಕಥೆಯೋರಿಗೇ ಒಂದು ಫೋನ್ ಮಾಡಿ. ಅದಕ್ಕೆ, ಅವರಿಗೆ ನಾನು ಹೇಳಿದ್ರೆ ಬೇಜಾರಾಗತ್ತೆ, ಮನೇಲಿ ಮೊದಲೇ ಕಷ್ಟದಲ್ಲಿದಾರೆ ಅಂದ್ರು."

ಅಳಿಲು ನನ್ನ ಮುಖ ನೋಡಿದಳು. "ತಾತ, ಆ ಕಥೆಯೋರು ನೀನೇ ಅಲ್ವಾ?"

"ಸುಮ್ನಿರು."

ಹನ್ನೊಂದು ಪುಸ್ತಕಗಳಲ್ಲಿ ಎಷ್ಟು ಕುದುರೆ ಓಡಿಸಿದ್ದೇನೋ, ಒಂದು ಗೊರಸನ್ನೂ ನಾನು ನೋಡಿರಲಿಲ್ಲ. ಇದು ನನಗೆ ಆದ ಅವಮಾನ. ಒಂದು ವರ್ಷದ ಮೇಲೆ ನನ್ನ ಮೇಲೆ ಕನಿಕರ ತೋರಿಸುತ್ತಾನೆ, ಅದೂ ಲಾಳದವನ ಮುಂದೆ. ಕಷ್ಟದಲ್ಲಿದ್ದಾರಂತೆ. ಇಷ್ಟು ದಿನಕ್ಕೆ ತಿಳಿಯಿತೇನು?

ಬರುವಾಗ ಬಕೆಟಿನ ಮೇಲೆ ಸ್ವಲ್ಪ ಹೊತ್ತು ಕೂತು ನೋಡಿದೆ. ತಗ್ಗು. ನನಗಿಂತ ಅವನು ಉದ್ದ, ಮಂಡಿ ನೋಯುತ್ತಿದ್ದಿರಬೇಕು.

ಏಪ್ರಿಲ್ ೭, ಸೋಮವಾರ

ಹದಿನಾರನೇ ಪುಟ ಬದಲಾಯಿಸಿದೆ. ಕಥೆಗೆ ಅದು ಬೇಕಾಗಿತ್ತು, ಬೇರೇನಿಲ್ಲ. ಕುಣಿದು ಕುಣಿದು ಕಥೆ ಎಲ್ಲಿಗೂ ಹೋಗುತ್ತಿರಲಿಲ್ಲ, ಮಗಳೇ ಹೇಳಿದ್ದಳಲ್ಲ.

ಈಗ ಹೀಗಿದೆ. ಈ ಏಳಕ್ಕೂ ಕುಣಿತ ಕಲಿಸುತ್ತಿದ್ದ ಹಿರಿಯ ಕುದುರೆ ಒಂದು ದಿನ ಬರುವುದಿಲ್ಲ. ಏಳಕ್ಕೂ ಒಂದನ್ನೊಂದು ಹೇಗೆ ಮಾತಾಡಿಸಬೇಕು ಅಂತ ಗೊತ್ತಿಲ್ಲ. ಇಷ್ಟು ದಿನ ಎಲ್ಲ ಅವಳ ಮೂಲಕವೇ. ಒಂದೊಂದೇ ಮನೆಗೆ ಹೋಗುತ್ತವೆ, ಸಭಾಂಗಣಕ್ಕೆ ಬೀಗ ಬೀಳುತ್ತದೆ, ಕನ್ನಡಿ ಬಿರುಕು ಬಿಡುತ್ತದೆ. ಬಹಳ ಕಾಲದ ಮೇಲೆ ಅವು ತಿರುಗಿ ಬಂದಾಗ, "ಬಿರುಕುಗಳಲ್ಲೆಲ್ಲ ಹುಲ್ಲು ಎದ್ದಿತ್ತು. ಮೊಣಕಾಲು ಮುಚ್ಚುವಷ್ಟು ಎತ್ತರದ, ಮೆತ್ತನೆಯ ಹುಲ್ಲು. ಯಾರ ಗೊರಸೂ ಯಾರಿಗೂ ಕಾಣಿಸಲಿಲ್ಲ." ಹಾಗೆಯೇ ಒಂಬತ್ತನೇ ಪುಟದ ಲಾಳ ತೆಗೆದೆ. ತಟ್ಟೆಯೂ ಹೋಯಿತು ಅಂತ ಅನ್ನಬೇಕು. ಆದರೆ ಮೂರನೇ ಪುಟದಲ್ಲೂ ಒಂದು ತಟ್ಟೆ ಇತ್ತು, ಅದನ್ನು ಬೇಕಂತಲೇ ಬಿಟ್ಟೆ. ಆ ಮನುಷ್ಯ ಪೂರ್ತಿ ಗೆದ್ದೆ ಅಂದುಕೊಳ್ಳಬಾರದು.

ಅಳಿಲು ಮೇಜಿನ ಕೆಳಗಿಂದ ನೀರು ಕೇಳಲಿಲ್ಲ. ಮುಗಿದ ಮೇಲೂ ಸ್ವಲ್ಪ ಹೊತ್ತು ಅಲ್ಲೇ ಇದ್ದಳು.

ಬರೆಯುವಾಗ ಕೈಗೆ ಖಾಲಿ ಹಾಳೆ ಸಿಗಲಿಲ್ಲ. ಸಹಿ ಹಾಕಬೇಕಾದ ಕಾಗದ ಮುಂದೆಯೇ ಇತ್ತು, ಅದರ ಬೆನ್ನಿನ ಮೇಲೆ ಬರೆದುಬಿಟ್ಟೆ. ಮತ್ತೆ ನಕಲು ಮಾಡುವಷ್ಟು ಕಣ್ಣಿಗೆ ತ್ರಾಣವಿಲ್ಲ. ಅದನ್ನೇ ಕಳಿಸಿದೆ, ಈ ಸಲ ಪ್ರಕಾಶಕಿಗಲ್ಲ, ನೇರವಾಗಿ ಅವನ ಮನೆಗೆ. ಅಂಚೆ ಅಷ್ಟು ಬೇಗ ತಲುಪಲಿ ಅಂತ.

ಏಪ್ರಿಲ್ ೧೦, ಗುರುವಾರ

ಹನಿ ಹಾಕುವಾಗ ಮಗಳು, "ಇವತ್ತು ಎಷ್ಟು ಸಲ ಬಾಗಿಲಿಗೆ ಹೋಗಿ ಬಂದ್ರಿ ಅಪ್ಪಾ?" ಅಂದಳು. ಗಾಳಿಗೆ ಹೋಗಿದ್ದೆ ಅಂದೆ. ಗಾಳಿ ಇರಲಿಲ್ಲ.

ಏಪ್ರಿಲ್ ೧೬, ಬುಧವಾರ

ಬಂತು. ಮಧ್ಯಾಹ್ನ ಬಂದದ್ದು. ಆಗಿನಿಂದ ನೋಡುತ್ತಾ ಕೂತಿದ್ದೇನೆ, ಈಗ ಬರೆಯುತ್ತಿದ್ದೇನೆ.

ಕೊನೆಯ ಪುಟದ ಚಿತ್ರ, ಪೂರ್ತಿ ಬಣ್ಣದಲ್ಲಿ. ಏಳು ಕುದುರೆಗಳು ಒಡೆದ ಕನ್ನಡಿಯ ಮೇಲೆ ನಿಂತಿವೆ. ಹುಲ್ಲಿಲ್ಲ. ಗೊರಸುಗಳಿವೆ. ಬಟ್ಟಲಿನ ಬಾಯಿ ಬೇರೆ, ಮೊಟ್ಟೆಯ ಮೊನೆ ಬೇರೆ; ಅಂಚು ಸವೆದಿರುವುದು, ಲಾಳದ ಮೊಳೆ, ಎಲ್ಲ. ಒಂದು ಕುದುರೆ ಭಾರವನ್ನು ಮೂರು ಕಾಲಿಗೆ ಬಿಟ್ಟು ನಾಲ್ಕನೆಯದನ್ನು ತುದಿಯಲ್ಲಿ ಊರಿದೆ, ಬಸ್ಸು ತಡವಾದಾಗ ಅವಳು ನಿಲ್ಲುತ್ತಿದ್ದ ಹಾಗೆ. ಇದನ್ನು ಬೇರೆ ಯಾರೂ ಬರೆಯಲಾರರು. ಸುಳ್ಳು ಹೇಳಬಾರದು.

ಜೊತೆಗೊಂದು ಚೀಟಿ. ಮೂವತ್ತೊಂದು ವರ್ಷದಲ್ಲಿ ನನಗೆ ಅಂತ ಅವನು ಬರೆದ ಮೊದಲನೆಯದು. ಹಾಗೇ ಇಳಿಸಿಕೊಳ್ಳುತ್ತೇನೆ:

"ನಿನ್ನ ಹುಲ್ಲು ನಿನ್ನ ಹತ್ತಿರವೇ ಇರಲಿ. ಮೂವತ್ತು ವರ್ಷ ಹುಲ್ಲು ಬರೆದು ನನಗೆ ಸಾಕಾಗಿದೆ. ಐವತ್ತಾರೂ ಬರೆದಿದ್ದೇನೆ, ಎಣಿಸಿಕೋ. ಮೂರನೇ ಪುಟದಲ್ಲಿ ಇನ್ನೂ ತಟ್ಟೆ ಇದೆ. ಗೊರಸು ನೋಡಿ ಗೊತ್ತಿಲ್ಲದವನು ಕುದುರೆ ಕಥೆ ಯಾಕೆ ಬರೆಯಬೇಕು? ತೆಗೆ. ಇದನ್ನೆಲ್ಲ ಮೆತ್ತಗೆ ಮಾಡಿ ನಿನಗೆ ಮುಟ್ಟಿಸುವವಳು ಈಗ ಇಲ್ಲ. ಹಾಗಾಗಿ ಹೀಗೇ ಓದಿಕೋ."

ಮೂರು ಸಲ ಓದಿದೆ. ಏನು 'ನಿನ್ನ', ಏನು 'ತೆಗೆ'. ಇಷ್ಟು ಚೆನ್ನಾಗಿ ಬೈಯುತ್ತಾನೆ ಅಂತ ನನಗೆ ಯಾರೂ ಹೇಳಿರಲಿಲ್ಲ. ಎಷ್ಟು ಬೈಗುಳ ದಾರಿಯಲ್ಲೇ, ಆ ಎರಡು ಬಸ್ಸುಗಳ ನಡುವೆ ಎಲ್ಲೋ ಇಳಿಸಿ ಬಂದಳೋ.

ಎಣಿಸು ಅಂದಿದ್ದಾನಲ್ಲ, ಎಣಿಸಿದೆ. ಅಳಿಲೂ ಎಣಿಸಿದಳು. ಐವತ್ತನಾಲ್ಕು. ಮತ್ತೆ ಎಣಿಸಿದೆವು. ಐವತ್ತನಾಲ್ಕೇ.

"ತಾತ, ಇಲ್ಲಿ ನೋಡು."

ಆ ದಣಿದು ನಿಂತ ಕುದುರೆ ತುದಿಯೂರಿದ ಕಾಲಿನ ಹತ್ತಿರ, ಕನ್ನಡಿಯ ಒಂದು ಸಣ್ಣ ಬಿರುಕಿನಲ್ಲಿ, ಒಂದು ಹಿಡಿ ಹುಲ್ಲು. ಒಂದೇ ಹಿಡಿ. ಆ ಗೊರಸು ಅದರೊಳಗಿದೆ. ಕೆಳಗಿನ ಪ್ರತಿಬಿಂಬದ್ದೂ.

ಮೋಸ. ನನ್ನ ಹುಲ್ಲು ಬೇಡ ಅಂದವನು ಅದರಲ್ಲೇ ಒಂದು ಹಿಡಿ ಕಿತ್ತುಕೊಂಡು ಇಟ್ಟುಕೊಂಡಿದ್ದಾನೆ. ಇದನ್ನು ಸುಮ್ಮನೆ ಬಿಡಬಾರದು. ನಾಳೆ ಮೊದಲ ಬಸ್ಸಿಗೇ ಹೋಗುತ್ತೇನೆ. ಮುಖ ನೋಡಿಯೇ ಕೇಳಬೇಕು.

ಮಗಳು, "ಬರ್ತೀರಿ ಅಂತ ಅವರಿಗೆ ಹೇಳ್ಲಾ?" ಅಂದಳು.

"ಜಗಳಕ್ಕೆ ಯಾರಾದ್ರೂ ಹೇಳಿ ಹೋಗ್ತಾರಾ?"

"ಅದೂ ಸರಿ" ಅಂದು ಅಮ್ಮನ ಕೈಚೀಲ ತೆಗೆದು ಅದರಲ್ಲಿ ಕಣ್ಣಿನ ಹನಿ ಇಟ್ಟಳು. ಅಳಿಲು ತನ್ನ ಹೊಸ ರಬ್ಬರ್ ಹಾಕಿದಳು, ಹುಲ್ಲುತಾತನಿಗಂತೆ. ನಾನು ಚೀಟಿ ಹಾಕಿಕೊಂಡೆ, ಅವಳದ್ದು, ಬಾಲಕ್ಕೆ ಗಾಳಿ ತಾಗಬೇಕು ಅಂದದ್ದು. ಸಾಕ್ಷಿಗೆ ಬೇಕಾಗುತ್ತದೆ. ನಾನು ಅವತ್ತು ನಿಜವಾಗಿ ಅಂದದ್ದೇನು ಅಂತ ಅವನಿಗೂ ತಿಳಿಯಲಿ. ಅವನು ಅಂದದ್ದೆಲ್ಲ ಒಂದೊಂದಾಗಿ ಹೇಳಲಿ. ಮೂವತ್ತೊಂದು ವರ್ಷದ್ದು, ಒಂದು ದಿನಕ್ಕೆ ಮುಗಿಯುವ ಹಾಗೆ ಕಾಣುವುದಿಲ್ಲ.

ಏನೇನು ಕೇಳಬೇಕು ಅಂತ ಬರೆದಿಟ್ಟುಕೊಳ್ಳುವುದು ಒಳ್ಳೆಯದು, ಎದುರಿಗೆ ಕೂತಾಗ ಮರೆತುಹೋಗುತ್ತದೆ. ಮೊದಲು, ಯಾಕೆ ಬರಲಿಲ್ಲ. ಅದು ಆದ ಮೇಲೆ ಹುಲ್ಲು. ಆಮೇಲೆ ಕಾಲು ಹೇಗಿದೆ, ಬಕೆಟ್ ಮೇಲೆ ಯಾಕೆ ಕೂತೆ, ಕುರ್ಚಿ ಕೇಳಿದರೆ ಕೊಡುತ್ತಿರಲಿಲ್ಲವೇ. ಆಮೇಲೆ ಬಾಲದ ಕುದುರೆ. ಆಮೇಲೆ ಇನ್ನೊಂದು ಇತ್ತು, ಮುಖ್ಯವಾದದ್ದು, ಈಗ ತಾನೆ ಹೊಳೆದಿತ್ತು. ಮೇಲಿನ ಸಾಲು ಓದಿದರೆ ನೆನಪಾಗುತ್ತದೇನೋ ಅಂತ ನೋಡಿದರೆ ಸಾಲೇ ಕಾಣುತ್ತಿಲ್ಲ. ಕಿಟಕಿಯ ಹತ್ತಿರ ಸರಿದೆ, ಅಲ್ಲೂ ಅಷ್ಟೇ. ಬೆಳಕು ಹೋಗುತ್ತಾ ಇದೆ.